ಹೆಗಲು ಮುಟ್ಟಿ ನೋಡಿಕೊಂಡವನೆಲ್ಲ ಕಳ್ಳನೇ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಲ್ಲಿ ಇಡೀ ಒಂದು ನ್ಯಾಯವಿಚಾರಣೆ ಅಡಗಿದೆ. ಬಲಿತ ಬೂದುಗುಂಬಳವನ್ನು ಹೊತ್ತವನ ಹೆಗಲಿಗೆ ಅದರ ಬಿಳಿ ಪುಡಿ ಮೆತ್ತಿಕೊಳ್ಳುತ್ತದೆ. ಕಳ್ಳ ಎಂಬ ಮಾತು ಕಿವಿಗೆ ಬಿದ್ದೊಡನೆ ಅವನ ಕೈ ತಾನಾಗಿ ಅಲ್ಲಿಗೆ ಹೋಯಿತು, ಊರಿನವರು ತೀರ್ಪು ಕೊಟ್ಟೇಬಿಟ್ಟರು. ಹಿತ್ತಿಲಲ್ಲಿ ಅವನು ಕಾಯಿ ಕಿತ್ತದ್ದನ್ನು ಕಂಡವರು ಯಾರೂ ಇಲ್ಲ. ಕಂಡವನೊಬ್ಬ ಇದ್ದು, ‘ಬೇಲಿಯಾಚೆಯಿಂದ ನೋಡಿದೆ, ಕಿತ್ತವನು ಇವನೇ’ ಎಂದಿದ್ದರೆ ಅದು ನೇರ ಸಾಕ್ಷ್ಯವಾಗುತ್ತಿತ್ತು. ಹೆಗಲ ಮೇಲಿನ ಪುಡಿ, ಅತ್ತ ಹೋದ ಕೈ, ಇವೆರಡೂ ಸಾಂದರ್ಭಿಕ ಸಾಕ್ಷ್ಯ. ಬೇಲಿಯಾಚೆಯವನ ಮಾತನ್ನು ಪೂರ್ತಿ ನಂಬಿದರೆ ಕಳವು ಸಾಬೀತಾದಂತೆಯೇ. ಮುಂದೆ ಊಹಿಸುವುದು ಏನೂ ಉಳಿಯುವುದಿಲ್ಲ. ಹೆಗಲ ಮೇಲೆ ಪುಡಿ ಇತ್ತೆಂಬುದನ್ನು ಪೂರ್ತಿ ನಂಬಿದರೂ ಇನ್ನೂ ದಾರಿ ಬಾಕಿ ಇದೆ: ಪುಡಿಯಿಂದ ಕುಂಬಳಕಾಯಿಗೆ, ಕುಂಬಳಕಾಯಿಯಿಂದ ಆ ಹಿತ್ತಿಲಿಗೆ, ಹಿತ್ತಿಲಿನಿಂದ ಕಳವಿಗೆ. ಅವನು ತನ್ನದೇ ಹೊಲದ ಕಾಯಿಯನ್ನು ಸಂತೆಗೆ ಹೊತ್ತುಕೊಂಡು ಹೋಗಿದ್ದಿರಬಹುದು. ಎಲ್ಲರೂ ತನ್ನತ್ತ ತಿರುಗಿದ್ದಕ್ಕೆ ಗಾಬರಿಯಾಗಿ ಕೈ ಎತ್ತಿದ್ದಿರಬಹುದು.

ಎರಡು ಬಗೆಯ ಸಾಕ್ಷ್ಯಗಳ ನಡುವಿನ ವ್ಯತ್ಯಾಸ ಇಷ್ಟೇ. ಸಾಕ್ಷ್ಯಕ್ಕೂ ಸಾಬೀತಾಗಬೇಕಾದ ಸಂಗತಿಗೂ ಮಧ್ಯೆ ಊಹೆಯ ಹೆಜ್ಜೆ ಇಡಬೇಕೇ ಬೇಡವೇ ಎಂಬುದು. ಕಾನೂನು ವಿದ್ಯಾರ್ಥಿಗಳು ಇದನ್ನು ವ್ಯಾಖ್ಯಾನದ ರೂಪದಲ್ಲಿ ಓದುತ್ತಾರೆ, ಪರೀಕ್ಷೆಯಲ್ಲಿ ಎರಡು ಕಾಲಂ ಎಳೆದು ಬರೆಯುತ್ತಾರೆ. ಆದರೆ ಓದಿದವರ ಮನಸ್ಸಿನಲ್ಲೂ ಓದದವರ ಮನಸ್ಸಿನಲ್ಲೂ ಕೊನೆಗೆ ನಿಲ್ಲುವುದು ಬೇರೆಯೇ ಒಂದು ಪಾಠ: ನೇರ ಸಾಕ್ಷ್ಯ ಗಟ್ಟಿ, ಸಾಂದರ್ಭಿಕ ಸಾಕ್ಷ್ಯ ಪೊಳ್ಳು. ‘ಬರೀ ಸಾಂದರ್ಭಿಕ ಸಾಕ್ಷ್ಯ, ಕೇಸು ನಿಲ್ಲುವುದಿಲ್ಲ’ ಎಂಬ ಮಾತು ಟಿವಿ ಚರ್ಚೆಯಲ್ಲೂ ಬಸ್ ನಿಲ್ದಾಣದಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಈ ಮೇಲು ಕೀಳಿನ ಲೆಕ್ಕ ತಪ್ಪು, ಮತ್ತು ವಿದ್ಯಾರ್ಥಿಗಳಿಗೆ ಮೊದಲು ಬಿಡಿಸಿ ಹೇಳಬೇಕಾದದ್ದು ಇದನ್ನೇ. ಎರಡರಲ್ಲಿ ಯಾವುದು ಬಲವಾದದ್ದು ಎಂದು ಕಲಿಸುವ ಬದಲು, ಯಾವುದು ಎಲ್ಲಿ ಮುರಿಯುತ್ತದೆ, ಆದ್ದರಿಂದ ಯಾವುದಕ್ಕೆ ಯಾವ ಪ್ರಶ್ನೆ ಹಾಕಬೇಕು ಎಂದು ಕಲಿಸಬೇಕು.

ಕಾನೂನಿನಲ್ಲೇ ಈ ಶ್ರೇಣಿ ಇಲ್ಲ. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಭಾರತೀಯ ಸಾಕ್ಷ್ಯ ಕಾಯ್ದೆಯಾಗಲಿ, ಅದರ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವಾಗಲಿ ಸಾಂದರ್ಭಿಕ ಸಾಕ್ಷ್ಯವನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಲ್ಲ. ಬದಲಿಗೆ ಯಾವ ಯಾವ ಸಂಗತಿಗಳು ಪ್ರಸ್ತುತ ಎಂದು ಹೇಳಿ, ಪಕ್ಕದಲ್ಲಿ ಸಣ್ಣ ಸಣ್ಣ ದೃಷ್ಟಾಂತ ಕೊಡುತ್ತದೆ. ಇವು ತರಗತಿಗೆ ಹೇಳಿ ಮಾಡಿಸಿದಂತಿವೆ. ಒಬ್ಬನ ದರೋಡೆಯಾಗಿದೆ, ಅದಕ್ಕೆ ಸ್ವಲ್ಪ ಮೊದಲು ಅವನು ಹಣ ಇಟ್ಟುಕೊಂಡು ಜಾತ್ರೆಗೆ ಹೋಗಿದ್ದ, ಹಣ ಇರುವುದನ್ನು ಇತರರಿಗೆ ತೋರಿಸಿದ್ದ ಅಥವಾ ಹೇಳಿದ್ದ ಎಂಬುದು ಪ್ರಸ್ತುತ. ಒಬ್ಬನ ಕೊಲೆಯಾಗಿದೆ, ಆ ಜಾಗದ ಬಳಿ ನೆಲದ ಮೇಲೆ ಹೊಯ್‌ಕೈ ನಡೆದ ಗುರುತುಗಳಿವೆ ಎಂಬುದು ಪ್ರಸ್ತುತ. ಒಬ್ಬನಿಗೆ ವಿಷ ಹಾಕಿದ ಆರೋಪವಿದೆ. ವಿಷದ ಲಕ್ಷಣ ಕಾಣುವ ಮೊದಲು ಅವನ ಆರೋಗ್ಯ ಹೇಗಿತ್ತು, ವಿಷ ಹಾಕಲು ಅನುಕೂಲವಾಗುವಂಥ ಯಾವ ಅಭ್ಯಾಸ ಅವನಿಗಿತ್ತು, ಅದು ಆರೋಪಿಗೆ ಗೊತ್ತಿತ್ತೇ ಎಂಬುದು ಪ್ರಸ್ತುತ. ಒಂದರಲ್ಲೂ ಕಣ್ಣಾರೆ ಕಂಡವನ ಮಾತಿಲ್ಲ.

ಕಣ್ಣಾರೆ ಕಂಡ ಮಾತಿನ ಬಗ್ಗೆ ನಮಗಿರುವ ಅಪಾರ ನಂಬಿಕೆ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಲಂಡನ್ನಿನ ಅಡಾಲ್ಫ್ ಬೆಕ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. 1895ರ ಡಿಸೆಂಬರಿನಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಬೆಕ್‌ನನ್ನು ಒಬ್ಬ ಮಹಿಳೆ ತಡೆದು, ತನ್ನ ಆಭರಣ ಲಪಟಾಯಿಸಿದವನು ಇವನೇ ಎಂದಳು. ಆ ಕಾಲದಲ್ಲಿ ಲಂಡನ್ನಿನಲ್ಲಿ ಒಬ್ಬ ವಂಚಕ ತಾನು ಶ್ರೀಮಂತ ಮನೆತನದವನೆಂದು ಹೇಳಿಕೊಂಡು ಒಂಟಿ ಮಹಿಳೆಯರನ್ನು ನಂಬಿಸಿ, ನಗದಾಗದ ಚೆಕ್ ಕೊಟ್ಟು, ಉಂಗುರ ಗಡಿಯಾರಗಳೊಂದಿಗೆ ಮಾಯವಾಗುತ್ತಿದ್ದ. ಮೋಸ ಹೋದ ಮಹಿಳೆಯರು ಒಬ್ಬರ ಹಿಂದೊಬ್ಬರಂತೆ ಬಂದು ಬೆಕ್‌ನನ್ನೇ ಗುರುತಿಸಿದರು. ಇದೇ ಬಗೆಯ ಮೋಸಕ್ಕಾಗಿ 1877ರಲ್ಲಿ ಜಾನ್ ಸ್ಮಿತ್ ಎಂಬ ಹೆಸರಿನವನಿಗೆ ಶಿಕ್ಷೆಯಾಗಿತ್ತು. ಅಂದು ಅವನನ್ನು ಹಿಡಿದಿದ್ದ ಪೊಲೀಸಿನವನೂ ಆರಂಭಿಕ ವಿಚಾರಣೆಯಲ್ಲಿ ‘ಅವನೇ ಇವನು, ಅನುಮಾನವೇ ಇಲ್ಲ’ ಎಂದ. 1877ರಲ್ಲಿ ಬೆಕ್ ದಕ್ಷಿಣ ಅಮೆರಿಕದಲ್ಲಿದ್ದ ಎಂದು ತೋರಿಸಲು ಅವನ ವಕೀಲರು ಪರದಾಡಿದರೂ ನ್ಯಾಯಾಧೀಶರು ಅದಕ್ಕೆ ಎಡೆ ಕೊಡಲಿಲ್ಲ. 1896ರಲ್ಲಿ ಏಳು ವರ್ಷದ ಕಠಿಣ ಶಿಕ್ಷೆಯಾಯಿತು. ಎರಡು ವರ್ಷ ಕಳೆದ ಮೇಲೆ ಜೈಲಿನ ಹಳೆಯ ಕಡತದಲ್ಲಿ ಒಂದು ವಿವರ ಸಿಕ್ಕಿತು: ಜಾನ್ ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ. ಇಬ್ಬರೂ ಒಬ್ಬನೇ ಆಗಲು ಸಾಧ್ಯವೇ ಇರಲಿಲ್ಲ. ಆದರೂ ಇಷ್ಟೊಂದು ಜನ ಕಣ್ಣಾರೆ ಕಂಡು ಹೇಳಿದ್ದಾರಲ್ಲ ಎಂದು ಶಿಕ್ಷೆಯನ್ನು ಹಾಗೇ ಉಳಿಸಿಕೊಂಡರು. 1901ರಲ್ಲಿ ಬಿಡುಗಡೆಯಾದ ಬೆಕ್ 1904ರಲ್ಲಿ ಮತ್ತೆ ಸಿಕ್ಕಿಬಿದ್ದ, ಮತ್ತೆ ಮಹಿಳೆಯರು ಗುರುತಿಸಿದರು, ಮತ್ತೆ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಶಿಕ್ಷೆಯ ಪ್ರಮಾಣ ಪ್ರಕಟವಾಗುವ ಮುನ್ನ ಅವನು ಬಂಧನದಲ್ಲಿದ್ದಾಗಲೇ ಹೊರಗೆ ಅದೇ ಬಗೆಯ ಇನ್ನೊಂದು ವಂಚನೆ ನಡೆದು ಅಸಲಿ ಕಳ್ಳ ಸಿಕ್ಕ. ಸರ್ಕಾರ ಬೆಕ್‌ಗೆ 5,000 ಪೌಂಡ್ ಪರಿಹಾರ ಕೊಟ್ಟಿತು. ಈ ಹಗರಣದ ಒತ್ತಡವೂ ಸೇರಿ ಇಂಗ್ಲೆಂಡಿನಲ್ಲಿ 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಹುಟ್ಟಿತು.

ಆ ಮಹಿಳೆಯರು ಸುಳ್ಳು ಹೇಳಲಿಲ್ಲ ಎಂಬುದನ್ನು ವಿದ್ಯಾರ್ಥಿಗಳ ಮುಂದೆ ಒತ್ತಿ ಹೇಳಬೇಕು. ನೇರ ಸಾಕ್ಷ್ಯ ಎರಡು ಕಡೆ ಮುರಿಯುತ್ತದೆ. ಒಂದು, ಸಾಕ್ಷಿದಾರ ಬೇಕೆಂದೇ ಸುಳ್ಳಾಡಿದಾಗ; ಇದನ್ನು ಪಾಟೀ ಸವಾಲಿನಲ್ಲಿ ಹಿಡಿಯಬಹುದು. ಇನ್ನೊಂದು, ಅವನು ಪ್ರಾಮಾಣಿಕವಾಗಿಯೇ ತಪ್ಪು ಕಂಡಾಗ ಅಥವಾ ತಪ್ಪು ನೆನಪಿಟ್ಟುಕೊಂಡಾಗ. ಇದನ್ನು ಹಿಡಿಯುವುದು ಬಹಳ ಕಷ್ಟ, ಏಕೆಂದರೆ ಅವನ ಮುಖದಲ್ಲಿ ಅಳುಕಿರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಚಿತ್ರ ತೋರಿಸಿದರು. ಐವತ್ತು ಜನರಿಗೆ ‘ಕಾರುಗಳು ಗುದ್ದಿ ನುಚ್ಚುನೂರಾದಾಗ ವೇಗ ಎಷ್ಟಿತ್ತು’ ಎಂಬ ಧಾಟಿಯಲ್ಲಿ, ಇನ್ನು ಐವತ್ತು ಜನರಿಗೆ ‘ತಾಕಿದಾಗ ವೇಗ ಎಷ್ಟಿತ್ತು’ ಎಂಬ ಧಾಟಿಯಲ್ಲಿ ಕೇಳಿದರು. ಉಳಿದ ಐವತ್ತು ಜನರಿಗೆ ವೇಗದ ಮಾತೇ ಎತ್ತಲಿಲ್ಲ. ವಾರದ ನಂತರ ಎಲ್ಲರಿಗೂ ಒಂದೇ ಪ್ರಶ್ನೆ: ಒಡೆದ ಗಾಜು ಕಂಡಿರಾ? ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಮೊದಲ ಗುಂಪಿನಲ್ಲಿ 16 ಜನ, ಎರಡನೆಯದರಲ್ಲಿ 7, ಮೂರನೆಯದರಲ್ಲಿ 6 ಜನ ಕಂಡೆವು ಎಂದರು. ಪ್ರಶ್ನೆಯಲ್ಲಿದ್ದ ಒಂದು ಪದ ನೆನಪಿನೊಳಗೆ ಗಾಜು ಒಡೆದಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಪುರಾವೆ ಬೇಕಿಲ್ಲ.

ಇನ್ನು ಸಾಂದರ್ಭಿಕ ಸಾಕ್ಷ್ಯದ ಕಡೆ ಬರೋಣ. ಬೆರಳಚ್ಚು, ಡಿಎನ್‌ಎ ಎಂದರೆ ಜನ ಅದೇ ಅಂತಿಮ ಎನ್ನುತ್ತಾರೆ. ಅದೇ ಜನ ಸಾಂದರ್ಭಿಕ ಸಾಕ್ಷ್ಯ ಎಂದರೆ ಮೂಗು ಮುರಿಯುತ್ತಾರೆ. ಆದರೆ ಬೆರಳಚ್ಚು, ಡಿಎನ್‌ಎ ಎರಡೂ ಸಾಂದರ್ಭಿಕ ಸಾಕ್ಷ್ಯವೇ. ಅವು ಅಪರಾಧವನ್ನು ನೋಡಿಲ್ಲ, ಯಾರೋ ಅಲ್ಲಿಗೆ ಬಂದಿದ್ದನ್ನಷ್ಟೇ ಹೇಳುತ್ತವೆ. ಇಂಗ್ಲೆಂಡಿನ ಲೆಸ್ಟರ್ ಬಳಿ 1983 ಮತ್ತು 1986ರಲ್ಲಿ ಇಬ್ಬರು ಬಾಲಕಿಯರ ಕೊಲೆಯಾದಾಗ ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡುಬಿಟ್ಟಿದ್ದ. ತಪ್ಪೊಪ್ಪಿಗೆ ಎಂದರೆ ನೇರ ಸಾಕ್ಷ್ಯದಲ್ಲೂ ನೇರವಾದದ್ದು, ಮಾಡಿದವನೇ ಹೇಳಿದ ಮಾತು. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮೊದಲು ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದಿದ್ದ ಅಲೆಕ್ ಜೆಫ್ರೀಸ್ ಪರೀಕ್ಷಿಸಿ ನೋಡಿದಾಗ ಎರಡೂ ಕೊಲೆಗಳ ಹಿಂದೆ ಒಬ್ಬನೇ ಇದ್ದಾನೆ, ಅವನು ಈ ಹುಡುಗ ಅಲ್ಲ ಎಂದು ತಿಳಿಯಿತು. ಹುಡುಗ ಬಿಡುಗಡೆಯಾದ, ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಪೊಲೀಸ್ ಠಾಣೆಯಲ್ಲಿ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ನಮ್ಮ ಕಾಯ್ದೆ 1872ರಲ್ಲೇ ಗೆರೆ ಎಳೆದದ್ದರ ವಿವೇಕ ಇಂಥ ಕಡೆ ಅರ್ಥವಾಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ವಿದ್ಯಾರ್ಥಿ ಹಳೆಯ ಶ್ರೇಣಿಯನ್ನೇ ತಲೆಕೆಳಗು ಮಾಡಿ ಹಿಡಿದುಕೊಳ್ಳುತ್ತಾನೆ: ವಸ್ತು ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ ಎಂದು. ಅದೂ ತಪ್ಪು. ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯ ಒಂದು ಹಳೆಯ ಪ್ರಕರಣ ವಸ್ತುವಿನ ಮಾತು ಎಲ್ಲಿಗೆ ನಿಲ್ಲುತ್ತದೆ ಎಂಬ ಗೆರೆಯನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಚಹಾ ತೋಟದ ಮ್ಯಾನೇಜರ್ ಒಬ್ಬ ಮಲಗಿದ್ದಲ್ಲೇ ಕತ್ತು ಸೀಳಿ ಕೊಲೆಯಾಗಿದ್ದ, ಪೆಟ್ಟಿಗೆಯಲ್ಲಿದ್ದ ಹಣ ಹೋಗಿತ್ತು. ಅಡುಗೆಯವನ ಬಟ್ಟೆಯ ಮೇಲೆ ರಕ್ತದ ಕಲೆಗಳಿದ್ದುದರಿಂದ ಸಂಶಯ ಅವನ ಮೇಲೂ ಬಿತ್ತು. ಆದರೆ ಅಡುಗೆಯವನ ಬಟ್ಟೆಗೆ ರಕ್ತ ತಾಗಲು ಕೊಲೆಯೇ ಆಗಬೇಕಿಲ್ಲ. ಪೆಟ್ಟಿಗೆಯಲ್ಲಿ ಒಂದು ಬಂಗಾಳಿ ಪಂಚಾಂಗವಿತ್ತು, ಅದರ ತಿಳಿನೀಲಿ ರಕ್ಷಾಪುಟದ ಮೇಲೆ ಎರಡು ಮಾಸಲು ಕಂದು ಕಲೆ. ಕಲ್ಕತ್ತಾದಲ್ಲಿ 1897ರಲ್ಲಷ್ಟೇ ಬೆರಳಚ್ಚು ಕಚೇರಿ ಆರಂಭವಾಗಿತ್ತು. ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಬೆರಳಚ್ಚುಗಳ ವರ್ಗೀಕರಣವನ್ನು ಕಟ್ಟಿದ್ದು ಇದೇ ದಿನಗಳಲ್ಲಿ. ಪಂಚಾಂಗದ ಮೇಲಿನ ಗುರುತು ಹಿಂದೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದ, ಆ ಮ್ಯಾನೇಜರನ ಮಾಜಿ ಆಳಿನ ಬಲ ಹೆಬ್ಬೆರಳಿಗೆ ಹೊಂದಿಕೊಂಡಿತು. 1898ರಲ್ಲಿ ನ್ಯಾಯಾಲಯ ಅವನಿಗೆ ಕಳ್ಳತನದ ಶಿಕ್ಷೆ ಕೊಟ್ಟು, ಕೊಲೆಯ ಆರೋಪದಲ್ಲಿ ಸಂಶಯದ ಲಾಭ ಕೊಟ್ಟಿತು. ಹೆಬ್ಬೆರಳು ಪೆಟ್ಟಿಗೆಯವರೆಗೆ ಬಂದಿತ್ತು ಎಂಬುದು ಖಚಿತ. ಕತ್ತಿಯವರೆಗೆ ಬಂದಿತ್ತೇ ಎಂಬುದನ್ನು ಅದು ಹೇಳಲಿಲ್ಲ. ಆ ತೀರ್ಪು ಸರಿಯೇ ಎಂದು ಇಂದಿಗೂ ವಾದಿಸಬಹುದು, ರಕ್ತವೇ ಶಾಯಿಯಾಗಿದ್ದಾಗ ಕೊಲೆಯಿಂದ ಕಳವನ್ನು ಬೇರೆ ಮಾಡುವುದು ಹೇಗೆ ಎಂದು. ತರಗತಿಯಲ್ಲಿ ಅರ್ಧ ಗಂಟೆ ಜಗಳಾಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದಿಲ್ಲ.

ಸಾಂದರ್ಭಿಕ ಸಾಕ್ಷ್ಯ ಮುರಿಯುವುದು ವಸ್ತುವಿನಲ್ಲಲ್ಲ, ವಸ್ತುಗಳನ್ನು ಜೋಡಿಸುವ ಮನಸ್ಸಿನಲ್ಲಿ. 1838ರಲ್ಲಿ ಇಂಗ್ಲೆಂಡಿನ ಹಾಜ್ ಪ್ರಕರಣದಲ್ಲಿ ನ್ಯಾಯಾಧೀಶ ಆಲ್ಡರ್‌ಸನ್ ಜ್ಯೂರಿಗೆ ಕೊಟ್ಟ ಎಚ್ಚರಿಕೆ ಇದೇ: ಬಿಡಿ ಸಂಗತಿಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ಮನಸ್ಸಿಗೆ ಒಂದು ಖುಷಿ ಇರುತ್ತದೆ, ಹೊಂದದಿದ್ದರೆ ತುಸು ಎಳೆದಾದರೂ ಹೊಂದಿಸಿಬಿಡುತ್ತದೆ, ಬುದ್ಧಿವಂತರಿಗೆ ಈ ಅಪಾಯ ಇನ್ನೂ ಹೆಚ್ಚು. ನಮ್ಮ ಸುಪ್ರೀಂ ಕೋರ್ಟ್ 1952ರ ಹನುಮಂತ ನರಗುಂದಕರ್ ಪ್ರಕರಣದಲ್ಲಿ ಈ ಮಾತನ್ನು ನೆನಪಿಸಿಕೊಂಡೇ ತನ್ನ ನಿಯಮವನ್ನು ಹೇಳಿತು. ಮುಂದೆ 1984ರ ಶರದ್ ಬಿರ್ಧಿಚಂದ್ ಸಾರದಾ ಪ್ರಕರಣದಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಅದನ್ನು ಐದು ಸೂತ್ರಗಳಾಗಿ ಬಿಡಿಸಿಟ್ಟು ಪಂಚಶೀಲ ಎಂದು ಕರೆದರು. ಪ್ರತಿಯೊಂದು ಸಂದರ್ಭವೂ ಮೊದಲು ತಾನೇ ಪೂರ್ತಿ ಸಾಬೀತಾಗಬೇಕು, ‘ಆಗಿರಬಹುದು’ ಸಾಲದು. ಅವೆಲ್ಲ ಆರೋಪಿಯ ತಪ್ಪಿಗೆ ಮಾತ್ರ ಹೊಂದಬೇಕು, ಬೇರೆ ಯಾವ ವಿವರಣೆಗೂ ಎಡೆ ಇರಬಾರದು. ಎಲ್ಲ ಸೇರಿ ಕೊಂಡಿ ಕಳಚದ ಸರಪಳಿಯಾಗಬೇಕು. ಆ ಪ್ರಕರಣದಲ್ಲಿ ಪುಣೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಸೈನೈಡಿನಿಂದ ಸತ್ತಿದ್ದಳು, ಗಂಡನಿಗೆ ಕೆಳಗಿನ ನ್ಯಾಯಾಲಯ ಕೊಟ್ಟ ಮರಣದಂಡನೆಯನ್ನು ಹೈಕೋರ್ಟ್ ಎತ್ತಿಹಿಡಿದಿತ್ತು. ಆಕೆ ಬರೆದ ಪತ್ರಗಳಲ್ಲಿ ಕಾಣುವ ಮನಸ್ಸಿನ ಸ್ಥಿತಿಯನ್ನು ನೋಡಿದರೆ ಆತ್ಮಹತ್ಯೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಸಾಂದರ್ಭಿಕ ಸಾಕ್ಷ್ಯಕ್ಕೆ ಹಾಕುವ ಪ್ರಶ್ನೆ ಇಲ್ಲಿದೆ: ಇದೇ ಸಂಗತಿಗಳಿಗೆ ಒಪ್ಪುವ ಇನ್ನೊಂದು ಕಥೆ ಇದೆಯೇ?

ಇದಕ್ಕೆ ತಿಳಿದವರಿಂದಲೇ ಒಂದು ಆಕ್ಷೇಪ ಬರುತ್ತದೆ. ಮೌಖಿಕ ಸಾಕ್ಷ್ಯ ನೇರವಾಗಿಯೇ ಇರಬೇಕು ಎಂದು ಹಳೆಯ ಕಾಯ್ದೆಯ 60ನೇ ಕಲಂ, ಹೊಸದರ 55ನೇ ಕಲಂ ಹೇಳುತ್ತದಲ್ಲ, ಅಂದಮೇಲೆ ಕಾನೂನಿಗೂ ನೇರ ಸಾಕ್ಷ್ಯವೇ ಶ್ರೇಷ್ಠವಲ್ಲವೇ ಎಂದು. ವಿದ್ಯಾರ್ಥಿಗಳು ಎಡವುವುದು ಇಲ್ಲೇ ಹೆಚ್ಚು. ಆ ಕಲಂ ತಡೆಯುವುದು ಅವರಿವರಿಂದ ಕೇಳಿದ ಮಾತನ್ನು. ಕಂಡ ಸಂಗತಿಯನ್ನು ಕಂಡವನೇ ಹೇಳಬೇಕು, ಕೇಳಿದ್ದನ್ನು ಕೇಳಿಸಿಕೊಂಡವನೇ ಹೇಳಬೇಕು ಎಂಬುದು ಅದರ ತಾತ್ಪರ್ಯ. ಕೊಲೆಯಾದ ಮನೆಯ ಹಿಂದೆ ಕೆಸರಿನಲ್ಲಿ ಹೆಜ್ಜೆಗುರುತು ಕಂಡವನು ಕಟಕಟೆಗೆ ಬಂದು ‘ನಾನೇ ಕಂಡೆ’ ಎಂದಾಗ ಅವನ ಮಾತು ಆ ಕಲಮಿನ ಪ್ರಕಾರ ನೇರ. ಆದರೆ ಹೆಜ್ಜೆಗುರುತು ಕೊಲೆಗೆ ಸಾಂದರ್ಭಿಕ. ಒಂದೇ ಮಾತು ಒಂದು ಸಂಗತಿಗೆ ನೇರ ಸಾಕ್ಷ್ಯವಾಗಿ ಇನ್ನೊಂದಕ್ಕೆ ಸಾಂದರ್ಭಿಕವಾಗಬಹುದು. ‘ಯಾವುದಕ್ಕೆ ಸಾಕ್ಷ್ಯ?’ ಎಂದು ಕೇಳದೆ ಒಂದು ಸಾಕ್ಷ್ಯವನ್ನು ಯಾವ ಕಾಲಮಿಗೂ ಹಾಕಲು ಬರುವುದಿಲ್ಲ.

ಇನ್ನೊಂದು ಆಕ್ಷೇಪ ಆಳವಾದದ್ದು. ಕಂಡೆ ಎನ್ನುವವನನ್ನು ನಂಬಬೇಕಾದರೂ ಊಹಿಸಲೇಬೇಕು: ಅವನ ಕಣ್ಣು ಚೆನ್ನಾಗಿದೆ, ಬೆಳಕಿತ್ತು, ದ್ವೇಷವಿಲ್ಲ, ನೆನಪು ಕೆಟ್ಟಿಲ್ಲ ಎಂದು. ಹಾಗಾದರೆ ಎಲ್ಲವೂ ಸಾಂದರ್ಭಿಕವೇ ತಾನೇ, ಈ ವಿಭಾಗದಿಂದ ಏನು ಪ್ರಯೋಜನ? ಊಹೆ ಎರಡರಲ್ಲೂ ಇದೆ ಎಂಬುದು ನಿಜ, ಆದರೆ ಅದು ಒಂದೇ ಜಾಗದಲ್ಲಿಲ್ಲ. ಪ್ರತ್ಯಕ್ಷದರ್ಶಿಯ ವಿಷಯದಲ್ಲಿ ಸಂಶಯವೆಲ್ಲ ಆ ಮನುಷ್ಯನಲ್ಲಿದೆ; ಅವನನ್ನು ದಾಟಿದರೆ ಕೆಲಸ ಮುಗಿಯಿತು. ಹೆಜ್ಜೆಗುರುತಿನ ವಿಷಯದಲ್ಲಿ ಕಂಡವನನ್ನು ದಾಟಿದ ಮೇಲೂ ಹೆಜ್ಜೆಗುರುತಿನ ಅರ್ಥವನ್ನು ದಾಟಬೇಕು. ಎಲ್ಲಿ ಸಂಶಯಪಡಬೇಕು ಎಂದು ತೋರಿಸಿಕೊಡುವುದೇ ಈ ವಿಭಾಗದ ಪ್ರಯೋಜನ. ಸಿಸಿಟಿವಿ ದೃಶ್ಯವನ್ನು ಜನ ಕಣ್ಣಾರೆ ಕಂಡಂತೆಯೇ ನಂಬುವ ಈ ಕಾಲದಲ್ಲಿ ಅದು ಇನ್ನೂ ಅಗತ್ಯ. ಹೊಡೆಯುತ್ತಿರುವುದೇ ಪರದೆಯ ಮೇಲೆ ಇದ್ದರೆ ಕೇಳಬೇಕಾದ್ದು ಆ ದೃಶ್ಯ ಅಸಲಿಯೇ, ಮುಖ ಸ್ಪಷ್ಟವೇ ಎಂದು. ಓಣಿಯಿಂದ ಒಬ್ಬ ಬೇಗ ಬೇಗ ನಡೆದು ಹೊರಬರುವುದಷ್ಟೇ ಇದ್ದರೆ, ದೃಶ್ಯ ನೂರಕ್ಕೆ ನೂರು ಅಸಲಿಯಾದರೂ ಅದು ಅವನ ನಡಿಗೆಗೆ ಮಾತ್ರ ಪುರಾವೆ.

ತೀರ್ಪು ಕೊಡುವವರು ನ್ಯಾಯಾಧೀಶರು, ಜ್ಯೂರಿ ಪದ್ಧತಿಯೂ ನಮ್ಮಲ್ಲಿಲ್ಲ, ಹಾಗಿರುವಾಗ ಕಾನೂನು ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಶಾಲೆಯ ಮಕ್ಕಳಿಗೂ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಉತ್ತರ ಸರಳ. ಮಹಜರಿಗೆ ಪಂಚರಾಗಿ ಸಹಿ ಹಾಕುವವರು, ಗುರುತಿನ ಪರೇಡಿನಲ್ಲಿ ನಿಂತು ಬೆರಳು ತೋರಿಸುವವರು ಇದೇ ಮಕ್ಕಳು ದೊಡ್ಡವರಾದ ಮೇಲೆ. ಮೊಬೈಲಿಗೆ ಬಂದ ಹತ್ತು ಸೆಕೆಂಡಿನ ವಿಡಿಯೊ ನೋಡಿ ‘ಮಕ್ಕಳ ಕಳ್ಳರು’ ಎಂದು ದಾರಿಹೋಕರನ್ನು ಜನ ಹೊಡೆದು ಕೊಂದ ಘಟನೆಗಳು ನಮ್ಮ ದೇಶದಲ್ಲಿ ನಡೆದಿವೆ. ಕೊಲೆ ಸುಲಿಗೆಯ ಕಥೆಗಳನ್ನು ತರಗತಿಗೆ ತರುವುದು ಬೇಡವೆನಿಸಿದರೆ ವಿಜ್ಞಾನದ ಪಾಠವೇ ಸಾಕು. ಯುರೇನಸ್ ಗ್ರಹ ಲೆಕ್ಕದ ದಾರಿ ಬಿಟ್ಟು ಚಲಿಸುತ್ತಿದ್ದುದನ್ನು ಹಿಡಿದು ಫ್ರಾನ್ಸಿನ ಲೆವೆರಿಯೆ, ಆಚೆ ಇನ್ನೊಂದು ಗ್ರಹ ಇರಲೇಬೇಕು ಎಂದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಕಂಡಿತು. ಬುಧನ ದಾರಿಯಲ್ಲೂ ಅಂಥದೇ ವ್ಯತ್ಯಾಸ ಇದ್ದುದಕ್ಕೆ ಅದೇ ಲೆವೆರಿಯೆ ಅದೇ ತರ್ಕ ಹೂಡಿ, ಸೂರ್ಯನ ಹತ್ತಿರ ವಲ್ಕನ್ ಎಂಬ ಗ್ರಹವಿದೆ ಎಂದ. 1859ರಲ್ಲಿ ಒಬ್ಬ ಹಳ್ಳಿಯ ವೈದ್ಯ ಅದನ್ನು ಕಂಡೆ ಎಂದೂ ಹೇಳಿದ್ದ. ಅಂಥ ಗ್ರಹವೇ ಇಲ್ಲ. ಬುಧನ ಆ ವ್ಯತ್ಯಾಸಕ್ಕೆ ಕಾರಣ ಗುರುತ್ವದ ನಿಯಮದಲ್ಲೇ ಇದೆ ಎಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು. ಸಂಗತಿಗೆ ಒಪ್ಪುವ ಇನ್ನೊಂದು ಕಥೆ ಇತ್ತು, ಅದನ್ನು ಯೋಚಿಸಲು ಆಗ ಯಾರಿಗೂ ಸಾಧ್ಯವಾಗಿರಲಿಲ್ಲ. ಇಲ್ಲದ ಗ್ರಹಕ್ಕೆ ಪ್ರತ್ಯಕ್ಷದರ್ಶಿಯೂ ಸಿಕ್ಕಿದ್ದ!

ಆದ್ದರಿಂದ ‘ವ್ಯತ್ಯಾಸಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆ ಪರೀಕ್ಷೆಯಿಂದ ಹೋಗಿ, ಒಂದು ಸಣ್ಣ ಘಟನೆ ಬರಬೇಕು. ಶಾಲೆಯ ಗ್ರಂಥಾಲಯದ ಕಿಟಕಿ ಒಡೆದಿದೆ. ಜವಾನ ಸಂಜೆ ಐದಕ್ಕೆ ಗಾಜು ಒಡೆದ ಸದ್ದು ಕೇಳಿದ್ದಾನೆ. ಎಂಟನೇ ತರಗತಿಯ ಹುಡುಗನ ಚೆಂಡು ಒಳಗೆ ಬೆಂಚಿನ ಕೆಳಗಿದೆ. ಅವನು ಓಡುತ್ತಿದ್ದುದನ್ನು ಇಬ್ಬರು ಕಂಡಿದ್ದಾರೆ. ಅವನೇ ಎಸೆದ ಎಂದು ಮೂರನೆಯವನು ಹೇಳುತ್ತಾನೆ. ಹಿಂದಿನ ದಿನ ಈ ಮೂರನೆಯವನಿಗೂ ಆ ಹುಡುಗನಿಗೂ ಜಗಳವಾಗಿತ್ತು. ಯಾವ ಮಾತು ಯಾವುದಕ್ಕೆ ನೇರ, ಯಾವುದಕ್ಕೆ ಸಾಂದರ್ಭಿಕ, ಪ್ರತಿಯೊಂದನ್ನೂ ಪೂರ್ತಿ ನಂಬಿದರೆ ಎಲ್ಲಿಯವರೆಗೆ ಹೋಗಬಹುದು, ಎಲ್ಲವನ್ನೂ ಒಪ್ಪಿಕೊಂಡೇ ಹುಡುಗ ನಿರಪರಾಧಿ ಎನ್ನುವ ಒಂದು ಕಥೆ ಕಟ್ಟಲಾದೀತೇ ಎಂದು ಬರೆಯಲು ಹೇಳಿ. ಉತ್ತರಕ್ಕೆ ಅಂಕ ಕೊಡುವಾಗ ತೀರ್ಮಾನ ಯಾವ ಕಡೆಗಿದೆ ಎಂದು ನೋಡಬೇಕಿಲ್ಲ. ಘಟನೆಯಲ್ಲಿ ಇಲ್ಲದ ಪ್ರಶ್ನೆಯೊಂದನ್ನು, ಗಾಜಿನ ಚೂರುಗಳು ಒಳಗೆ ಬಿದ್ದಿದ್ದವೋ ಹೊರಗೋ ಎಂಬಂಥದನ್ನು, ತಾನಾಗಿ ಕೇಳಿದ ವಿದ್ಯಾರ್ಥಿಗೆ ಎರಡು ಅಂಕ ಹೆಚ್ಚು ಕೊಡಬಹುದು.